ಆಡಿನ ಹಟ್ಟಿಯೂ ಮೇವಿನ ಬಯಲೂ: ದಾವಣಗೆರೆ–ಹರಿಹರ ಸೀಮೆಯ ಒಂದು ಸಮೀಕ್ಷೆ

ಆಡು ಸಾಕಬೇಕೆಂದು ಮನಸ್ಸು ಮಾಡಿದವನು ಈಚಿನ ದಿನಗಳಲ್ಲಿ ಮೊಟ್ಟಮೊದಲು ಕೇಳುವ ಪ್ರಶ್ನೆ ದೊಡ್ಡಿಯನ್ನು ಕುರಿತದ್ದು. ಅದರ ಉದ್ದವೆಷ್ಟು, ಅಗಲವೆಷ್ಟು, ಮಾಡಿಗೆ ಹೆಂಚೋ ತಗಡೋ, ನೆಲ ಮಣ್ಣಿನದಿರಬೇಕೋ ಹಲಗೆಯದೋ ಎಂಬ ವಿಚಾರಗಳಲ್ಲಿ ದಾವಣಗೆರೆಯ ಸುತ್ತಣ ಹಳ್ಳಿಗಳ ತರುಣರು ತೋರುವ ಶ್ರದ್ಧೆ ಮೆಚ್ಚತಕ್ಕದ್ದೇ ಸರಿ. ಆದರೆ ಆ ದೊಡ್ಡಿಯ ಬಾಗಿಲನ್ನು ದಾಟಿದ ಆಡು ಯಾವ ದಿಕ್ಕಿಗೆ ಮುಖ ಮಾಡಿ ನಡೆಯಬೇಕು, ಫಾಲ್ಗುಣ ಚೈತ್ರಗಳ ಬಿಸಿಲಿನಲ್ಲಿ ಅದರ ಬಾಯಿಗೆ ಯಾವ ಸೊಪ್ಪು ಒದಗಬೇಕು ಎಂಬ ಪ್ರಶ್ನೆ ಮಾತ್ರ, ಬ್ಯಾಂಕಿಗೆ ಒಪ್ಪಿಸುವ ಯೋಜನಾ ವರದಿಯ ಕಡೆಯ ಪುಟದಲ್ಲಿ, ಮೇವು ಸ್ಥಳೀಯವಾಗಿ ದೊರೆಯುವುದೆಂಬ ಒಂದು ಸಾಲಿನ ಮರೆಯಲ್ಲಿ ಅಡಗಿಹೋಗುವುದನ್ನು ಕಂಡಾಗಲೆಲ್ಲ ನನ್ನ ಮನಸ್ಸಿಗೆ ಖೇದವಾಗುತ್ತದೆ. ಪ್ರಶ್ನೆಗಳ ಕ್ರಮವೇ ಇಲ್ಲಿ ತಲೆಕೆಳಗಾಗಿದೆಯೆಂದು ನಾನು ನಂಬಿದ್ದೇನೆ. ಬೇಸಗೆಯ ನಾಲ್ಕು ತಿಂಗಳು ನಮ್ಮ ಭೂಮಿ ಎಷ್ಟು ಬಾಯಿಗಳನ್ನು ಸಲಹಬಲ್ಲದೆಂಬುದನ್ನು ಮೊದಲು ಎಣಿಸಿ, ಆ ಎಣಿಕೆಯಿಂದ ಹಿಂದಕ್ಕೆ ಬಂದು ದೊಡ್ಡಿಯ ಪಾಯವನ್ನು ತೋಡಬೇಕಲ್ಲದೆ, ದೊಡ್ಡಿಯನ್ನು ಕಟ್ಟಿ ಮುಗಿಸಿ ಅದು ಹಿಡಿಸುವಷ್ಟು ಆಡುಗಳನ್ನು ಸಂತೆಯಿಂದ ಹೊಡೆದು ತರುವುದಲ್ಲ.

ಈ ತಲೆಕೆಳಗಾದ ಕ್ರಮಕ್ಕೆ ಸಾಕಣೆಗಾರನೊಬ್ಬನನ್ನೇ ಹೊಣೆಮಾಡುವುದು ನ್ಯಾಯವಾಗದು. 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ನು 100 ಹೆಣ್ಣು ಮತ್ತು 5 ಗಂಡುಗಳ ಘಟಕಕ್ಕೆ 10 ಲಕ್ಷ ರೂಪಾಯಿವರೆಗೆ, 500 ಹೆಣ್ಣು ಮತ್ತು 25 ಗಂಡುಗಳ ಘಟಕಕ್ಕೆ 50 ಲಕ್ಷದವರೆಗೆ, ಬಂಡವಾಳ ವೆಚ್ಚದ ಅರ್ಧ ಭಾಗವನ್ನು ಸಹಾಯಧನವಾಗಿ ಕೊಡುವ ಏರ್ಪಾಡನ್ನು ಮಾಡಿತು. ಅದಕ್ಕೂ ಮುಂಚಿನಿಂದ ನರೇಗಾ ಯೋಜನೆಯಡಿಯಲ್ಲಿ ಬಡ ಕುಟುಂಬಗಳು ಕುರಿ–ಮೇಕೆಗಳ ಕೊಟ್ಟಿಗೆಯನ್ನು ಕಟ್ಟಿಸಿಕೊಳ್ಳುವುದಕ್ಕೆ ಅವಕಾಶವಿತ್ತು. ಇವೆರಡೂ ಉಪಕಾರಕವಾದ ಯೋಜನೆಗಳೇ. ಆದರೆ ಗೋಡೆ, ಕಂಬ, ತಗಡುಗಳು ಕಣ್ಣಿಗೆ ಕಾಣುವ, ಅಳೆದು ಬಿಲ್ಲು ಬರೆಯಬಹುದಾದ ವಸ್ತುಗಳಾದುದರಿಂದ ಹಣದ ಹರಿವು ಸಹಜವಾಗಿ ಅತ್ತಲೇ ತಿರುಗಿತು. ಬೆಳೆಯುವುದಕ್ಕೆ ಮೂರು ವರ್ಷ ಬೇಕಾಗುವ ಮೇವಿನ ಮರಗಳ ಸಾಲಾಗಲಿ, ಬೇಲಿಯ ಬಾರೆಗಿಡವಾಗಲಿ ಅಷ್ಟು ಸುಲಭವಾಗಿ ಲೆಕ್ಕಪತ್ರದೊಳಗೆ ಬಂದು ಕೂರಲಿಲ್ಲ.

ಪ್ರಕೃತ ನಾವು ನೋಡುತ್ತಿರುವ ಸೀಮೆಯ ಸ್ವರೂಪವನ್ನು ತುಸು ಗಮನಿಸಬೇಕು. ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದು ಹದಿನಾಲ್ಕು ಕಿಲೋಮೀಟರಿನ ಹಾದಿ ಮಾತ್ರ. ಆದರೆ ಆಡಿನ ಕಾಲಿನಿಂದ ಅಳೆದರೆ ಅವು ಎರಡು ಬೇರೆಯ ಲೋಕಗಳ ಅಂಚುಗಳಾಗಿವೆ. ತುಂಗಭದ್ರೆಯ ದಡದಲ್ಲಿ ನಿಂತ ಹರಿಹರವೂ, ಅದರ ದಕ್ಷಿಣಕ್ಕೆ ಮಲೆಬೆನ್ನೂರಿನವರೆಗೆ ಹಬ್ಬಿದ ಬಯಲೂ, ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರಾ ಜಲಾಶಯದ ನಾಲೆಗಳು ಹರಿದು ಬಂದಂದಿನಿಂದ ಭತ್ತದ ನಾಡಾಗಿ, ಈಚೆಗೆ ಅಲ್ಲಲ್ಲಿ ಅಡಿಕೆಯ ತೋಟವಾಗಿ ಮಾರ್ಪಟ್ಟಿವೆ. ದಾವಣಗೆರೆಯಿಂದ ಪೂರ್ವೋತ್ತರಕ್ಕೆ ಜಗಳೂರಿನ ಕಡೆ ತಿರುಗಿದರೆ ನೀರು ವಿರಳವಾಗಿ, ಕೆಂಪು ಮಣ್ಣು ತೆಳುವಾಗಿ, ಜಾಲಿ, ತುಗ್ಗಲಿ, ಕಾರೆ, ಎಲಚಿಗಳ ಕುರುಚಲು ಕಾಡು ಎದುರಾಗುತ್ತದೆ. ಕೊಂಡುಕುರಿಯ ಅಭಯಾರಣ್ಯವಾದ ರಂಗಯ್ಯನದುರ್ಗವಿರುವುದೂ ಆ ತಾಲ್ಲೂಕಿನಲ್ಲೇ. ಹಸುರನ್ನು ಮಾತ್ರ ನೋಡಿ ತೀರ್ಮಾನಿಸುವ ಪಟ್ಟಣಿಗನು ಹರಿಹರದ ಕಡೆಯೇ ಆಡಿಗೆ ಸ್ವರ್ಗವೆಂದು ಭಾವಿಸಿಯಾನು. ವಾಸ್ತವಿಕವಾಗಿ ಆಡಿನ ಮೈಗೆ ಒಗ್ಗುವುದು ಒಣ ನೆಲವೇ ಹೊರತು ನಾಲೆಯ ಕೆಳಗಣ ಜೌಗಲ್ಲ. ಸದಾ ತೇವವಿರುವ ಗದ್ದೆಬದುವಿನಲ್ಲಿ ಮೇದ ಆಡಿನ ಗೊರಸು ಕೊಳೆಯುತ್ತದೆ. ನೀರಿನ ಬಸವನಹುಳುಗಳ ಮೂಲಕ ಯಕೃತ್ತಿನ ಚಪ್ಪಟೆ ಹುಳು ಅದರ ಹೊಟ್ಟೆಯನ್ನು ಸೇರುತ್ತದೆ. ಭತ್ತದ ಹುಲ್ಲನ್ನು ಎಮ್ಮೆ ಮೆಲ್ಲುವ ಸಂತೋಷದಿಂದ ಆಡು ಮೆಲ್ಲುವುದಿಲ್ಲ.

ಒಣಭೂಮಿಯ ಕಥೆಯಾದರೂ ಮೊದಲಿನಂತೆ ಉಳಿದಿಲ್ಲ. ಹತ್ತಿಯ ಗಿರಣಿಗಳಿಂದಲೂ ಶೇಂಗಾ ಎಣ್ಣೆಯ ಮಿಲ್ಲುಗಳಿಂದಲೂ ಹೆಸರಾಗಿದ್ದ ದಾವಣಗೆರೆಯ ಸುತ್ತ ಜೋಳ, ಶೇಂಗಾ, ಹತ್ತಿ, ಅಕ್ಕಡಿಯ ಕಾಳುಗಳು ಕೂಡಿ ಬೆಳೆಯುತ್ತಿದ್ದ ಹೊಲಗಳನ್ನು ಕಳೆದ ಮೂರು ದಶಕಗಳಲ್ಲಿ ಮೆಕ್ಕೆಜೋಳವು ಬಹುಮಟ್ಟಿಗೆ ಆಕ್ರಮಿಸಿತು. ಇದರಿಂದ ರೈತನ ಕೈಗೆ ರೊಕ್ಕ ಬಂದಿತೆಂಬುದು ನಿಜ. ಆದರೆ ಆಡಿನ ಪಾಲಿಗೆ ಶೇಂಗಾ ಬಳ್ಳಿಯೂ ತೊಗರಿಯ ಹೊಟ್ಟೂ ಅವರೆ–ಅಲಸಂದೆಗಳ ಸೊಪ್ಪೂ ಹೋಗಿ, ಕತ್ತರಿಸಿ ಕೊಡದ ಹೊರತು ಅದು ಮುಟ್ಟದ ಒರಟು ದಂಟು ಉಳಿಯಿತು. ಹೊಲಕ್ಕೆ ಕಳೆನಾಶಕವನ್ನು ಸಿಂಪಡಿಸುವ ಪದ್ಧತಿ ಬಂದ ಮೇಲೆ ಬದುವಿನ ಹಸುರು ಕೂಡ ಮಾಯವಾಯಿತು. ಕೊಯ್ಲಾದ ಹೊಲಕ್ಕೆ ಬಿಟ್ಟ ಆಡು ಉದುರಿದ ತೆನೆಗಳನ್ನೇ ಹೊಟ್ಟೆತುಂಬ ತಿಂದು, ಆ ಪಿಷ್ಟವು ಮೆಲುಕುಚೀಲದಲ್ಲಿ ಹುಳಿತು ಆಮ್ಲವಾಗಿ, ಮರುದಿನ ನೆಲ ಹಿಡಿಯುವ ಅನಾಹುತವನ್ನು ಈ ಸೀಮೆಯ ಪಶುವೈದ್ಯರು ಬಲ್ಲರು. ಮೇಯಿಸುವ ಹೊಲವನ್ನು ಮೊದಲೇ ಆಯ್ದು, ತೆನೆ ಆರಿಸಿದ ಬಳಿಕವೇ ಮಂದೆಯನ್ನು ಬಿಡತಕ್ಕದ್ದೆಂಬುದು ಮೇವಿನ ಯೋಜನೆಯ ಒಂದು ಅಂಗವೆಂದೇ ತಿಳಿಯಬೇಕು.

ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ಒಂದು ವ್ಯವಸ್ಥೆ ಇದ್ದಿತು. ಕುರುಬರ ರೊಪ್ಪವನ್ನು ನೋಡಿದವರಿಗೆ ಅದು ಗೊತ್ತು: ಮುಳ್ಳಿನ ಕೊಂಬೆಗಳನ್ನು ವೃತ್ತಾಕಾರವಾಗಿ ಒಟ್ಟಿದ ಒಂದು ಬೇಲಿ, ಮರಿಗಳಿಗೆ ಬಿದಿರಿನ ಗೂಡು, ಮಳೆ ಬಂದರೆ ಹೊದೆಯುವುದಕ್ಕೆ ಕಂಬಳಿ; ಇಷ್ಟೇ ಕಟ್ಟಡ. ಅದರ ಹಿರಿಮೆ ಇದ್ದುದು ಅದರ ಚಲನೆಯಲ್ಲಿ. ಒಂದು ಹೊಲದಲ್ಲಿ ಕೆಲವು ರಾತ್ರಿ ಮಂದೆ ತಂಗಿ, ಹಿಕ್ಕೆ ಮತ್ತು ಮೂತ್ರಗಳಿಂದ ನೆಲ ತಣಿದ ಮೇಲೆ ಪಕ್ಕದ ಹೊಲಕ್ಕೆ ಸಾಗುತ್ತಿತ್ತು. ಹೊಲದ ಒಡೆಯನು ಅದಕ್ಕಾಗಿ ಕಾಳನ್ನೋ ಹಣವನ್ನೋ ಕೊಡುತ್ತಿದ್ದನು. ಇಂದಿಗೂ ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರಿಗಾರರು ಭದ್ರಾ ನಾಲೆಯ ಗದ್ದೆಗಳಿಗೆ ಇಳಿದು ಬರುವುದುಂಟು. ಒಂದೇ ಜಾಗದಲ್ಲಿ ವರ್ಷವಿಡೀ ನಿಲ್ಲದಿದ್ದುದರಿಂದ ರೋಗದ ಬೀಜವೂ ಅಲ್ಲಿ ನೆಲೆಯೂರುತ್ತಿರಲಿಲ್ಲವೆಂಬುದನ್ನು ಗಮನಿಸಿದರೆ, ರೊಪ್ಪವು ಬಡತನದ ಗುರುತಲ್ಲ, ಬಹುಕಾಲದ ಅನುಭವದಿಂದ ಪಕ್ವವಾದ ಒಂದು ವಸತಿಶಾಸ್ತ್ರವೆಂಬುದು ವೇದ್ಯವಾಗುತ್ತದೆ.

ಮೇವಿನ ಬಯಲನ್ನು ಋತುಮಾನಕ್ಕೆ ತಕ್ಕಂತೆ ವಿಂಗಡಿಸುವ ಬುದ್ಧಿಯೂ ನಮ್ಮಲ್ಲಿ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂಬ ಹೆಸರಿನಲ್ಲಿದ್ದು, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂದು ಕರೆಸಿಕೊಂಡ ಮೈಸೂರಿನ ದನಗಳ ಇಲಾಖೆಯು ತನ್ನ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರಾಗಿ ವಿಂಗಡಿಸಿ, ಹಿಂಡುಗಳನ್ನು ಸರದಿಯ ಮೇಲೆ ನಡೆಸುತ್ತಿತ್ತು. ಬೇಸಗೆಯ ಕಾವಲಿನಲ್ಲಿ ಮರದ ನೆರಳೂ ಕೆರೆಯ ನೀರೂ ಇರಬೇಕೆಂಬುದು, ಮಳೆಗಾಲದ್ದು ನೀರು ನಿಲ್ಲದ ಎತ್ತರದ ನೆಲವಾಗಿರಬೇಕೆಂಬುದು ಆ ವಿಂಗಡಣೆಯ ಮರ್ಮ. ಅದು ದನಗಳಿಗಾಗಿ ಮಾಡಿದ ವ್ಯವಸ್ಥೆಯಾದರೂ, ಹತ್ತು ಎಕರೆಯ ಆಡಿನ ಸಾಕಣೆಗಾರನು ತನ್ನ ಭೂಮಿಯನ್ನು ಮೂರು ಋತುಗಳಿಗೆ ಹಂಚಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ಹೊರಗಿನಿಂದ ತರಬೇಕಾಗಿಲ್ಲ.

ಇನ್ನು ದೊಡ್ಡಿಯ ವಿಚಾರ. ಬೆಳೆದ ಹೆಣ್ಣಾಡಿಗೆ ಮಾಡಿನ ಕೆಳಗೆ 10ರಿಂದ 12 ಚದರ ಅಡಿ, ಗಬ್ಬದ ಆಡಿಗೆ ಅದಕ್ಕಿಂತ ಹೆಚ್ಚು, ಎಂದರೆ 15ರಿಂದ 20, ಹೋತಕ್ಕೆ ಪ್ರತ್ಯೇಕವಾಗಿ 20ರಿಂದ 25, ಹಾಲುಮರಿಗೆ 3ರಿಂದ 4 ಚದರ ಅಡಿ, ಇವೆಲ್ಲಕ್ಕೂ ಹೊಂದಿಕೊಂಡಂತೆ ಮಾಡಿನ ಎರಡರಷ್ಟು ತೆರೆದ ಅಂಗಳ. ಇದು ಪಶುಪಾಲನೆಯ ಶಿಕ್ಷಣದಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದಿರುವ, ಅನುಭವವೂ ಸಮರ್ಥಿಸುವ ಅಳತೆ. ಇಪ್ಪತ್ತು ಹೆಣ್ಣು, ಒಂದು ಹೋತದ ಮಂದೆಯನ್ನು ಉದಾಹರಣೆಗೆ ತೆಗೆದುಕೊಂಡರೆ, ಹೆಣ್ಣಾಡುಗಳಿಗೆ 240, ಹೋತಕ್ಕೆ 25, ಮೂವತ್ತು ಮರಿಗಳಿಗೆ 120, ಈಯುವುದಕ್ಕೆ ಎರಡು ಮೂಲೆಗಳೆಂದು 40, ಒಟ್ಟು 425 ಚದರ ಅಡಿ ಮಾಡು, ಅಂಗಳ 850. ಎಲ್ಲವೂ ಕೂಡಿ ಒಂದೂಕಾಲು ಗುಂಟೆಯೊಳಗೆ ಮುಗಿಯುತ್ತದೆ. ಇಲ್ಲಿ ಬಹಳ ಮಂದಿ ಎಡವುವುದು ಮರಿಗಳ ವಿಷಯದಲ್ಲಿ. ಕೊಂಡು ತಂದ ದಿನದ ತಲೆಗಳನ್ನು ಎಣಿಸಿ ದೊಡ್ಡಿಯನ್ನು ಕಟ್ಟುವವರು, ಐದು ತಿಂಗಳ ಗರ್ಭಾವಧಿ ತುಂಬಿ ಮಂದೆ ಒಮ್ಮೆಗೇ ಎರಡರಷ್ಟಕ್ಕೂ ಮಿಕ್ಕಿ ಬೆಳೆಯುವುದೆಂಬುದನ್ನು ಮರೆಯುತ್ತಾರೆ. ಇಕ್ಕಟ್ಟಿನ ಪರಿಣಾಮವನ್ನು ಮೊದಲು ಅನುಭವಿಸುವುದು ತಾಯಿಯಲ್ಲ, ಕಾಲ ಕೆಳಗೆ ಸಿಕ್ಕುವ, ತೇವದ ಮೇಲೆ ಮಲಗುವ, ಭೇದಿಗೂ ನ್ಯುಮೋನಿಯಾಕ್ಕೂ ಗುರಿಯಾಗುವ ಎಳೆಯ ಮರಿ.

ಉದ್ದವನ್ನು ನಿರ್ಣಯಿಸತಕ್ಕದ್ದು ಗೋದಲಿ. ಬೆಳೆದ ಆಡೊಂದಕ್ಕೆ ಮೇವು ತಿನ್ನುವುದಕ್ಕೆ ಒಂದೂವರೆ ಅಡಿ ಜಾಗ ಬೇಕು. ಅದಕ್ಕಿಂತ ಕಡಿಮೆಯಾದರೆ ಕೊಂಬಿನ ಬಲವುಳ್ಳದ್ದು ತಿಂದು, ಸಾಧುವಾದದ್ದು ಹಿಂದೆ ನಿಂತು ಸೊರಗುತ್ತದೆ. ಇಪ್ಪತ್ತು ಆಡುಗಳಿಗೆ 30 ಅಡಿ ಗೋದಲಿಯಾಯಿತು. ಎರಡು ಬದಿಗೆ ಹಂಚಿದರೆ ದೊಡ್ಡಿ 15 ಅಡಿಗೆ ಇಳಿಯುವುದು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ನಂಬಿ ಮೇವನ್ನು ನೆಲದ ಮೇಲೆ ಚೆಲ್ಲುವವರುಂಟು. ಗಾದೆ ಹೇಳುವುದು ಅದರ ರುಚಿಯ ವೈವಿಧ್ಯವನ್ನು. ಶುಚಿಯ ವಿಷಯದಲ್ಲಿ ಆಡಿನಷ್ಟು ನಿಷ್ಠುರವಾದ ಸಾಕುಪ್ರಾಣಿ ವಿರಳ. ತುಳಿದ ಸೊಪ್ಪನ್ನು, ಇನ್ನೊಂದು ಆಡಿನ ಹಿಕ್ಕೆ ಸೋಕಿದ ಹುಲ್ಲನ್ನು ಅದು ಮೂಸಿ ಬಿಟ್ಟುಬಿಡುತ್ತದೆ. ಆದುದರಿಂದ ಸೊಪ್ಪನ್ನು ಎದೆಮಟ್ಟಕ್ಕೆ ಕಟ್ಟಿ ತೂಗಬೇಕು, ಗೋದಲಿಯೊಳಗೆ ತಲೆ ಮಾತ್ರ ಹೋಗುವಂತೆ ಸರಳುಗಳನ್ನು ಇಡಬೇಕು, ಮರಿಗಳು ಅದರೊಳಗೆ ಹತ್ತಿ ಮಲಗದಂತೆ ನೋಡಬೇಕು.

ದಿಕ್ಕಿನ ವಿಷಯದಲ್ಲಿ ನಮ್ಮ ಬಿಸಿಲುಸೀಮೆಗೆ ಪೂರ್ವಪಶ್ಚಿಮವಾಗಿ ನೀಡಿದ ದೊಡ್ಡಿಯೇ ಯೋಗ್ಯ. ಉದ್ದನೆಯ ಬದಿಗಳ ಮೇಲೆ ಬೆಳಗಿನ, ಸಂಜೆಯ ಓರೆ ಬಿಸಿಲು ಬೀಳುವುದು ತಪ್ಪುತ್ತದೆ. ನೈಋತ್ಯದಿಂದ ಬೀಸುವ ಮುಂಗಾರಿನ ಇರಚಲು ಒಳಬಾರದಂತೆ ಪಶ್ಚಿಮದ ಮುಖವನ್ನು ಮುಚ್ಚಿ, ಉದ್ದದ ಬದಿಗಳಲ್ಲಿ ಮೂರು ನಾಲ್ಕು ಅಡಿ ಗೋಡೆಯೆಬ್ಬಿಸಿ, ಮೇಲೆ ಜಾಲರಿಯನ್ನು ಬಿಡಬೇಕು. ಅಗಲವು 25 ಅಡಿಯನ್ನು ಮೀರಿದರೆ ನಡುವೆ ಗಾಳಿಯಾಡದು. ಮಾಡಿನ ಇಳಿಜಾರಿನ ಅಂಚು ಎಂಟು ಅಡಿಗಿಂತ ಕೆಳಗಿರಬಾರದು. ಬರಿಯ ತಗಡನ್ನು ಹೊದಿಸಿದವರು ಏಪ್ರಿಲ್ ತಿಂಗಳ ಮಧ್ಯಾಹ್ನ ಅದರ ಕೆಳಗೆ ಅರ್ಧ ಗಂಟೆ ಕುಳಿತು ನೋಡಿದರೆ, ಮೇಲೆ ತೆಂಗಿನ ಗರಿಯನ್ನೋ ಮೆಕ್ಕೆಜೋಳದ ದಂಟನ್ನೋ ಹಾಸುವುದಕ್ಕೆ ಬೇರೆಯವರ ಉಪದೇಶ ಬೇಕಾಗುವುದಿಲ್ಲ.

ನೆಲದ ಪ್ರಶ್ನೆಯಲ್ಲಿ ಎರಡು ಪಕ್ಷಗಳಿವೆ, ಮತ್ತು ಈ ಸೀಮೆಯಲ್ಲಿ ಎರಡಕ್ಕೂ ಅದರದರ ನ್ಯಾಯವಾದ ಸ್ಥಾನವಿದೆಯೆಂದು ನನ್ನ ಅಭಿಪ್ರಾಯ. ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ಹಲಗೆಗಳನ್ನು ಅರ್ಧ ಅಂಗುಲದ ಸಂದು ಬಿಟ್ಟು ಜೋಡಿಸುವ ಅಟ್ಟದ ನೆಲದಿಂದ ಹಿಕ್ಕೆ, ಮೂತ್ರಗಳು ಕೆಳಗಿಳಿದು ಆಡು ಒಣಗಿರುತ್ತದೆ. ಗೊಬ್ಬರವೂ ಒಂದೆಡೆ ಸೇರುತ್ತದೆ. ಸಂದು ಹೆಚ್ಚಾದರೆ ಮರಿಯ ಕಾಲು ಸಿಕ್ಕಿ ಮುರಿಯುವುದು, ಕಡಿಮೆಯಾದರೆ ಹಿಕ್ಕೆ ಸಿಕ್ಕಿ ಸಂದು ಮುಚ್ಚುವುದು. ಹರಿಹರದ ನಾಲೆಬಯಲಿನಲ್ಲಿ, ಮಳೆಗಾಲವಿಡೀ ನೆಲ ತೇವವನ್ನು ಕಾರುವಲ್ಲಿ, ಅಟ್ಟದ ದೊಡ್ಡಿ ಹೆಚ್ಚಿನ ವೆಚ್ಚಕ್ಕೆ ತಕ್ಕ ಫಲವನ್ನು ಕೊಡುವುದು; ಚನ್ನಗಿರಿಯ ತೋಟಗಳಿಂದ ದೊರೆಯುವ ಅಡಿಕೆಯ ದಬ್ಬೆ ಅದಕ್ಕೆ ಅಗ್ಗದ ಸಾಮಗ್ರಿ, ಆದರೆ ಮೂತ್ರಕ್ಕೆ ನೆನೆದು ಕೆಲವೇ ವರ್ಷಗಳಲ್ಲಿ ಟೊಳ್ಳಾಗುವುದರಿಂದ ವರುಷಕ್ಕೊಮ್ಮೆ ಕಾಲಿನಿಂದ ಒತ್ತಿ ಪರೀಕ್ಷಿಸಿ ಬದಲಿಸಬೇಕು. ಜಗಳೂರಿನ ಕಡೆಯ ಒಣ ಕೆಂಪು ಮಣ್ಣಿನಲ್ಲಿ ಎತ್ತರದ ಜಗಲಿ ಮಾಡಿ, ಮೊರಂ ಮಣ್ಣನ್ನು ಧಮ್ಮಸ್ಸು ಮಾಡಿ, ವಾರಕ್ಕೊಮ್ಮೆ ಸುಣ್ಣ ಚೆಲ್ಲಿ, ವರ್ಷಕ್ಕೊಮ್ಮೆ ಮೇಲಿನ ಪದರವನ್ನು ಕೆತ್ತಿ ಹೊಸ ಮಣ್ಣು ತುಂಬಿದರೆ ಸಾಕು. ಕಾಂಕ್ರೀಟನ್ನು ಹಾಕಿ ಅದರ ಮೇಲೆ ಚಳಿಗಾಲದ ರಾತ್ರಿ ಮರಿಗಳನ್ನು ಮಲಗಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು. ಯಾವ ನೆಲವಾದರೂ ಒಂದು ಪರೀಕ್ಷೆಯಿದೆ: ಬೆಳಗಿನ ಜಾವ ದೊಡ್ಡಿಗೆ ಹೋಗಿ, ಮರಿಯ ಮೂಗಿನ ಮಟ್ಟಕ್ಕೆ ಕುಕ್ಕುರುಗಾಲಿನಲ್ಲಿ ಕುಳಿತು ಉಸಿರೆಳೆದಾಗ ಕಣ್ಣು ಉರಿದರೆ, ಆ ದೊಡ್ಡಿ ಎಷ್ಟು ಲಕ್ಷದ್ದಾದರೂ ಕೆಟ್ಟ ದೊಡ್ಡಿ.

ದೊಡ್ಡಿಯಿಂದ ದೂರವಾಗಿ, ಗಾಳಿಯ ಕೆಳದಿಕ್ಕಿಗೆ ಇನ್ನೊಂದು ಸಣ್ಣ ಕೊಟ್ಟಿಗೆ ಇರಲೇಬೇಕು. ಸಂತೆಯಿಂದ ತಂದ ಆಡು ಮೂರು ವಾರವಾದರೂ ಅಲ್ಲಿದ್ದು, ಪಿಪಿಆರ್ ಎಂಬ ಅಂಟುರೋಗದ ಲಸಿಕೆಯನ್ನು ಪಡೆದು, ಮೂಗು ಬಾಯಿಗಳು ಶುಭ್ರವೆಂದು ಕಂಡ ಮೇಲೆ ಮಂದೆಯನ್ನು ಸೇರಬೇಕು. ಈ ಒಂದು ಕೊಟ್ಟಿಗೆಯನ್ನು ಉಳಿಸಲು ಹೋಗಿ ಇಡೀ ಮಂದೆಯನ್ನು ಕಳೆದುಕೊಂಡ ಮನೆಗಳಿವೆ. ಮುಂಗಾರಿಗೆ ಮುನ್ನ ಹಾಕಿಸುವ ಕರುಳುಬೇನೆಯ ಲಸಿಕೆಯನ್ನೂ ಇಲ್ಲಿಯೇ ನೆನಪಿಸುತ್ತೇನೆ. ರಾತ್ರಿಯ ಬೇಲಿಯು ಜಗಳೂರಿನ ಕಡೆ ತೋಳ ಚಿರತೆಗಳಿಗೆ, ಪಟ್ಟಣದ ಮಗ್ಗುಲಲ್ಲಿ ಬೀದಿನಾಯಿಗಳಿಗೆ ತಡೆಯಾಗುವಂತಿರಬೇಕು. ನಾಯಿಗಳ ಹಿಂಡು ಒಂದು ರಾತ್ರಿಯಲ್ಲಿ ಮಾಡುವ ಹಾನಿ ಚಿರತೆಯದಕ್ಕಿಂತ ಹೆಚ್ಚಿನದು.

ಹಳೆಯ ದಾವಣಗೆರೆಯ ಓಣಿಗಳಲ್ಲಿ ಎರಡು ಮೂರು ಆಡುಗಳನ್ನು ಜಗಲಿಯ ಪಕ್ಕದಲ್ಲಿ ಕಟ್ಟಿ ಸಾಕುವ ಬಡವರ ವಿಷಯವನ್ನು ಹೇಳದೆ ಮುಂದುವರಿಯುವುದು ಸಲ್ಲ. ಅವರ ಪಾಲಿಗೆ ದೊಡ್ಡಿಯೆಂದರೆ ಮನೆಯ ಒಂದು ಮೂಲೆ. ಮೇವಿನ ಬಯಲೆಂದರೆ ತರಕಾರಿ ಮಾರುಕಟ್ಟೆಯ ಎಲೆಸಿಪ್ಪೆ, ಅಕ್ಕಿ ಗಿರಣಿಯ ತೌಡು. ಆ ಆಡುಗಳು ಪ್ಲಾಸ್ಟಿಕ್ಕನ್ನು ನುಂಗಿ ಹೊಟ್ಟೆಯುಬ್ಬಿ ಸಾಯುವುದನ್ನು ತಪ್ಪಿಸಬೇಕಾದರೆ, ಮಾರುಕಟ್ಟೆಯಲ್ಲಿ ಹಸಿ ಕಸವನ್ನು ಬೇರೆ ಮಾಡುವ ಶಿಸ್ತೇ ಅವುಗಳ ಗೋಮಾಳವೆಂದು ಪಟ್ಟಣದವರು ತಿಳಿಯಬೇಕು.

ಈಗ ಬಯಲಿನ ಲೆಕ್ಕಕ್ಕೆ ಬರೋಣ. ಇದೇ ನನ್ನ ಮುಖ್ಯ ಮಾತು. ಮೂವತ್ತು ಕಿಲೋ ತೂಕದ ಆಡಿಗೆ ದಿನಕ್ಕೆ ಒಣತೂಕದಲ್ಲಿ ಒಂದು ಕಿಲೋ ಮೇವು, ಹಸುರಾದರೆ ಸುಮಾರು ನಾಲ್ಕು ಕಿಲೋ ಬೇಕು. ಮೇಲೆ ಹೇಳಿದ ಇಪ್ಪತ್ತೊಂದು ಆಡು, ಮೂವತ್ತು ಮರಿಗಳ ಮಂದೆಗೆ ದಿನಕ್ಕೆ 130 ಕಿಲೋ ಹಸುರು. ವರ್ಷಕ್ಕೆ ಹೆಚ್ಚುಕಡಮೆ 47 ಟನ್. ಬಾವಿಯ ನೀರಿದ್ದು, ಹೈಬ್ರಿಡ್ ನೇಪಿಯರ್ ಹುಲ್ಲನ್ನೂ ದ್ವಿದಳ ಮೇವನ್ನೂ ಶ್ರದ್ಧೆಯಿಂದ ಬೆಳೆದರೆ ಇದು ಒಂದು ಎಕರೆಯಲ್ಲಿ ಸಾಧ್ಯ. ನೀರಿಲ್ಲದ ಕೆಂಪು ಭೂಮಿಯಲ್ಲಿ ಅಂಜನ್ ಹುಲ್ಲು, ಸ್ಟೈಲೋ, ಮೇವಿನ ಮರಗಳನ್ನು ಕೂಡಿಸಿ ಬೆಳೆಸಿ ಕಾಪಾಡಿದ ಹುಲ್ಲುಗಾವಲು ಹೆಕ್ಟೇರಿಗೆ ನಾಲ್ಕೈದು ಆಡುಗಳನ್ನು ತಾಳಿಕೊಳ್ಳುವುದೆಂದಿಟ್ಟರೆ, ಹತ್ತರಿಂದ ಹದಿಮೂರು ಎಕರೆ ಬೇಕು. ಕೊರೆದು ಕೊರಕಲಾದ, ಯಾರೂ ನೋಡಿಕೊಳ್ಳದ ಬಯಲಾದರೆ ಹೆಕ್ಟೇರಿಗೆ ಒಂದು ಆಡೂ ಭಾರವೇ; ಐವತ್ತು ಎಕರೆ ಸಾಲದು. ಗುಂಟೆಗಳಲ್ಲಿ ಹೇಳುವುದಾದರೆ, ವಾಸಕ್ಕೆ ಒಂದೂಕಾಲು ಗುಂಟೆ ಕೇಳುವ ಮಂದೆಯು ಊಟಕ್ಕೆ ನೀರಾವರಿಯಲ್ಲಿ 40 ಗುಂಟೆಯನ್ನೂ, ಒಳ್ಳೆಯ ಒಣಭೂಮಿಯಲ್ಲಿ 400ಕ್ಕೂ ಮಿಕ್ಕ ಗುಂಟೆಯನ್ನೂ, ಪಾಳುಬಯಲಿನಲ್ಲಿ 2,000 ಗುಂಟೆಯನ್ನೂ ಕೇಳುತ್ತದೆ. ನೂರು ಹೆಣ್ಣಾಡುಗಳ ಘಟಕವನ್ನು ಎರಡು ಎಕರೆಯ ಒಡೆಯನೊಬ್ಬನು ಸಹಾಯಧನದ ಬಲದಿಂದ ಎಬ್ಬಿಸಿದಾಗ ಏನು ಸಂಭವಿಸುವುದೆಂಬುದನ್ನು ಈ ಅಂಕಿಗಳ ಮುಂದೆ ನಿಂತು ಯಾರು ಬೇಕಾದರೂ ಊಹಿಸಬಹುದು: ಮೊದಲ ಬೇಸಗೆಗೆ ಮೇವನ್ನು ಕೊಳ್ಳುವನು, ಎರಡನೆಯ ಬೇಸಗೆಗೆ ಆಡನ್ನು ಮಾರುವನು.

ಇರುವ ಬಯಲನ್ನು ಹೇಗೆ ಮೇಯಿಸಬೇಕೆಂಬುದೂ ಅಷ್ಟೇ ಮುಖ್ಯ. ಆಡು ಹುಲ್ಲನ್ನು ಕತ್ತರಿಸುವ ಪ್ರಾಣಿಗಿಂತ ಹೆಚ್ಚಾಗಿ ಚಿಗುರನ್ನು ಆಯುವ ಪ್ರಾಣಿ; ಹಿಂಗಾಲಿನ ಮೇಲೆ ನಿಂತು ಆಳೆತ್ತರದ ಕೊಂಬೆಯನ್ನು ಎಟುಕಿಸಿಕೊಳ್ಳುವ ಶಕ್ತಿಯನ್ನು ದೇವರು ಅದಕ್ಕೆ ಕೊಟ್ಟಿರುವುದು ಸುಮ್ಮನೆಯಲ್ಲ. ಜಠರದ ಹುಳುಗಳ ಮರಿಗಳು ಮಳೆಗಾಲದ ಹದದಲ್ಲಿ ಹಿಕ್ಕೆಯಿಂದ ಹೊರಟು ಐದಾರು ದಿನಗಳಲ್ಲಿ ರೋಗಕಾರಕವಾಗಿ, ಹುಲ್ಲಿನ ಬುಡದ ನಾಲ್ಕೈದು ಅಂಗುಲಗಳೊಳಗೆ ಹೆಚ್ಚಾಗಿ ಇರುತ್ತವೆ. ಬಯಲನ್ನು ಎಂಟು ತುಂಡುಗಳಾಗಿ ಮಾಡಿ, ಒಂದೊಂದರಲ್ಲಿ ಐದು ದಿನಕ್ಕಿಂತ ಹೆಚ್ಚು ನಿಲ್ಲಿಸದೆ, ತಿಂಗಳಿಗೂ ಮಿಕ್ಕಿದ ಬಿಡುವಿನ ನಂತರ ಅಲ್ಲಿಗೆ ಮರಳಿದರೆ, ಗಿಡಗಳು ಚಿಗುರುವುದಕ್ಕೂ ಹುಳುಗಳಲ್ಲಿ ಬಹಳಷ್ಟು ಹಸಿದು ಸಾಯುವುದಕ್ಕೂ ಅವಕಾಶವಾಗುತ್ತದೆ. ಇಬ್ಬನಿ ಆರುವ ಮುನ್ನ ಮಂದೆಯನ್ನು ಬಿಡಬಾರದೆಂಬ ಕುರುಬರ ಕಟ್ಟಳೆಯ ಒಳಗಡೆ ಇದೇ ಸತ್ಯವಿದೆ.

ಸ್ವಂತ ಭೂಮಿಯಿಲ್ಲದವನಿಗೆ ಗೋಮಾಳವೇ ಗತಿ. ಇಲ್ಲಿ ವಿಷಯವು ಒಬ್ಬನ ದೊಡ್ಡಿಯಿಂದ ಊರಿನ ಪಂಚಾಯಿತಿಗೆ ದಾಟುತ್ತದೆ. ಕರ್ನಾಟಕ ಭೂಕಂದಾಯ ಅಧಿನಿಯಮವು 1964ರಲ್ಲಿಯೇ ಗ್ರಾಮದ ಜಾನುವಾರುಗಳಿಗಾಗಿ ಸರ್ಕಾರಿ ಭೂಮಿಯನ್ನು ಕಾದಿರಿಸಲು ಅವಕಾಶ ಕಲ್ಪಿಸಿತು; 1966ರ ನಿಯಮಗಳು ನೂರು ಜಾನುವಾರುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ, ಎಂಬ ಪ್ರಮಾಣವನ್ನು ನಿಗದಿಪಡಿಸಿದವು. ಇಷ್ಟು ನೆಲ ದನಗಳಿಗೇ ಸಾಲದೆಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ. ಹಾಗಿದ್ದೂ ಆಶ್ರಯ ನಿವೇಶನ, ಬಗರ್‌ಹುಕುಂ ಸಾಗುವಳಿ, ಕಟ್ಟಡಗಳು ಎಂಬ ಒಂದೊಂದು ಕಾರಣಕ್ಕಾಗಿ ಅದನ್ನೇ ಕತ್ತರಿಸುತ್ತ ಬರಲಾಯಿತು. ದಾವಣಗೆರೆಯಂಥ ಬೆಳೆಯುವ ನಗರದ ಅಂಚಿನಲ್ಲಿ ಬಡಾವಣೆಗಳು ಎದ್ದಂತೆ ಮಂದೆಯ ಹಾದಿಗಳು ಮುಚ್ಚಿಹೋದವು, ಹೆದ್ದಾರಿಯನ್ನು ದಾಟುವುದೇ ಆಡುಗಳಿಗೆ ಪ್ರಾಣಸಂಕಟವಾಯಿತು. ನೆರೆಯ ಚಳ್ಳಕೆರೆಯಲ್ಲಿ ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಸುಮಾರು 10,000 ಎಕರೆ ಕಾವಲು ಭೂಮಿಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೊಟ್ಟಾಗ ಕುರಿಗಾರರು ಎತ್ತಿದ ಆಕ್ಷೇಪ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮದ ಸಾಮುದಾಯಿಕ ಭೂಮಿಗಳ ಒತ್ತುವರಿಯನ್ನು ತೆರವುಗೊಳಿಸುವ ಯೋಜನೆಗಳನ್ನು ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಗೋಮಾಳವು ಪಾಳುಭೂಮಿಯೆಂಬ ಭಾವನೆ ನಮ್ಮ ಕಛೇರಿಗಳಿಂದ ತೊಲಗುವವರೆಗೆ ಈ ಆದೇಶ ಕಾಗದದ ಮೇಲೆಯೇ ಉಳಿದೀತೆಂಬ ಭಯ ನನ್ನದು.

ಅರಣ್ಯದವರ ದೂರನ್ನೂ ಕಿವಿಗೊಟ್ಟು ಕೇಳಬೇಕು. ಎಳೆಯ ಸಸಿಯ ತುದಿಯನ್ನು ಆಡು ಕಚ್ಚಿದರೆ ಅದು ಮತ್ತೆ ಮರವಾಗುವುದು ಕಷ್ಟ; ಹರಿಹರದ ಬಳಿಯ ಕೊಂಡಜ್ಜಿಯ ಗುಡ್ಡದಂಥ ಪುಟ್ಟ ಕಾಡುಗಳು ಹದ್ದಿಲ್ಲದ ಮೇಯುವಿಕೆಯನ್ನು ತಾಳಲಾರವು. ಆದರೆ 2019ರ ಗಣತಿಯಂತೆ ಕರ್ನಾಟಕದಲ್ಲಿ 61 ಲಕ್ಷಕ್ಕೂ ಹೆಚ್ಚು ಆಡುಗಳಿರುವಾಗ, ಅವುಗಳ ಒಡೆಯರಲ್ಲಿ ಹಲವರು ಭೂಮಿಯಿಲ್ಲದವರಾಗಿರುವಾಗ, ನಿಷೇಧವೊಂದೇ ಉತ್ತರವಾಗಲಾರದು. ಕಡಿದು ತಂದು ಹಾಕಬಹುದಾದ ಸೊಪ್ಪಿನ ಮರಗಳನ್ನು, ಕಮರ, ಬೇವು, ಬನ್ನಿ, ಎಲಚಿಗಳನ್ನು ಗೋಮಾಳದಲ್ಲಿಯೂ ನಾಲೆಯ ದಂಡೆಯಲ್ಲಿಯೂ ಬೆಳೆಸಿ, ಸವರುವ ಹಕ್ಕನ್ನು ಊರಿನ ಆಡುಗಾರರಿಗೆ ಸರದಿಯಲ್ಲಿ ಕೊಟ್ಟರೆ, ಕಾಡಿನ ಮೇಲಣ ಒತ್ತಡ ತಾನಾಗಿ ಇಳಿಯುವುದು.

ಕಾಲದ ಯೋಜನೆಯೂ ಸ್ಥಳದ ಯೋಜನೆಯ ಇನ್ನೊಂದು ಮುಖ. ಹೋತವನ್ನು ಬೇರೆ ಕಟ್ಟಿ, ಮುಂಗಾರಿನ ಹಸುರು ಮೈಗೆ ಹತ್ತಿದ ಜೂನ್–ಜುಲೈ ತಿಂಗಳಲ್ಲಿ ಮಾತ್ರ ಬಿಟ್ಟರೆ, ಮರಿಗಳು ನವೆಂಬರ್–ಡಿಸೆಂಬರಿನಲ್ಲಿ, ಕೊಯ್ಲಿನ ಹೊಲಗಳು ತೆರೆದಿರುವ ಹೊತ್ತಿಗೆ ಬೀಳುತ್ತವೆ. ತಾಯಿಗೆ ಹಾಲೂ ಮರಿಗೆ ಬೆಳವಣಿಗೆಯೂ ಕೂಡಿಬರುತ್ತವೆ. ಹಿಂದಿನ ಸಾಲಿನ ಹೋತಮರಿಗಳನ್ನು ಬೇಸಗೆ ಬಲಿಯುವ ಮುನ್ನ ಮಾರಿ ಬಾಯಿಗಳನ್ನು ಕಡಿಮೆ ಮಾಡಿಕೊಳ್ಳುವುದು ಜಾಣತನ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಶಿವರಾತ್ರಿಯ ಆಸುಪಾಸಿನಲ್ಲಿ ದುಗ್ಗಮ್ಮನ ಜಾತ್ರೆ ನಡೆಯುವುದು. ಮನೆಮನೆಯಲ್ಲಿ ನೆಂಟರು ಸೇರುವ ಆ ದಿನಗಳಿಗೆ ಮುನ್ನ ಆಡಿಗೆ ಒಳ್ಳೆಯ ಬೆಲೆ ಬರುವುದು. ಬಕ್ರೀದಿನ ಬೇಡಿಕೆ ಚಾಂದ್ರಮಾನದಂತೆ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಸರಿಯುತ್ತ ಬರುವುದರಿಂದ ಅದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಉಳಿದ ಮೂಲ ಮಂದೆಗೆ ಫೆಬ್ರವರಿಯಿಂದ ಮುಂಗಾರಿನವರೆಗೆ 120 ದಿನ. ಇಪ್ಪತ್ತೊಂದು ಆಡುಗಳಿಗೆ ದಿನಕ್ಕೆ ತಲೆಗೊಂದು ಕಿಲೋ ಒಣಮೇವಿನಂತೆ ಎರಡೂವರೆ ಟನ್. ಅರ್ಧವನ್ನು ಮರದ ಸೊಪ್ಪಿನಿಂದ ತುಂಬಿಕೊಂಡರೂ, ಉಳಿದ ಅರ್ಧವಾದ ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಕತ್ತರಿಸಿದ ದಂಟುಗಳನ್ನು ಗೆದ್ದಲು ಹತ್ತದ ಅಟ್ಟಣೆಯ ಮೇಲೆ ಸಂಕ್ರಾಂತಿಯೊಳಗೆ ಕೂಡಿಟ್ಟಿರಬೇಕು. ದೊಡ್ಡಿಯ ನಕ್ಷೆಯಲ್ಲಿ ಮೇವಿನ ಅಟ್ಟಣೆಗೆ ಜಾಗವಿಲ್ಲದಿದ್ದರೆ ಆ ನಕ್ಷೆಯನ್ನು ಹಿಂದಿರುಗಿಸುವುದು ಲೇಸು.

ಆ ಮರದ ಸೊಪ್ಪು ಎಲ್ಲಿಂದ ಬರಬೇಕೆಂದರೆ, ಬೇಲಿಯಿಂದ. ಒಂದು ಎಕರೆಯ ನಾಲ್ಕು ಬದಿಗೆ ಎಂಟುನೂರು ಅಡಿಗೂ ಮಿಕ್ಕ ಬೇಲಿ ಸಿಗುತ್ತದೆ. ಎರಡು ಅಡಿಗೊಂದರಂತೆ ನಾಲ್ಕುನೂರು ಗಿಡ. ಸುಬಾಬುಲ್ಲನ್ನು ಬೀಜದಿಂದ ಬೆಳೆಸಬಹುದು, ಆದರೆ ಅದರಲ್ಲಿರುವ ಮೈಮೋಸಿನ್ ಎಂಬ ದೋಷದಿಂದಾಗಿ ದಿನದ ಮೇವಿನ ಮೂರನೆಯ ಒಂದು ಪಾಲನ್ನು ಮೀರಬಾರದು. ಚೊಗಚೆ ಬೇಗ ಏರುತ್ತದೆ, ಆದರೆ ಬೋಳಿಸಿ ಕಡಿದರೆ ಸಾಯುತ್ತದೆ; ಕೆಲವು ಕೊಂಬೆಗಳನ್ನು ಬಿಟ್ಟೇ ಸವರಬೇಕು. ಗ್ಲಿರಿಸಿಡಿಯಾವನ್ನು ಮುಂಗಾರಿನ ಮೊದಲ ಹದ ಬಿದ್ದೊಡನೆ ಮೊಳಕೈಯುದ್ದಕ್ಕಿಂತ ದೊಡ್ಡ ಗೂಟಗಳಾಗಿ ನೆಟ್ಟರೆ ಸಾಕು. ಅದರ ವಾಸನೆಗೆ ಆಡುಗಳು ಮೊದಮೊದಲು ಮುಖ ತಿರುಗಿಸುತ್ತವೆ, ಒಂದು ರಾತ್ರಿ ಬಾಡಿಸಿ ಕೊಟ್ಟರೆ ವಾರದೊಳಗೆ ರೂಢಿಯಾಗುತ್ತದೆ. ಮೊದಲನೆಯ ವರ್ಷ ಆ ಸಾಲಿನ ಹತ್ತಿರಕ್ಕೂ ಮಂದೆಯನ್ನು ಬಿಡಬಾರದು, ಎರಡನೆಯ ವರ್ಷ ಎದೆಯೆತ್ತರದಲ್ಲಿ ಒಮ್ಮೆ ಸವರಿ ಕವಲೊಡೆಸಬೇಕು, ಮೂರನೆಯ ಬೇಸಗೆಗೆ ಅದು ಕೈತುಂಬ ಸೊಪ್ಪು ಕೊಡುವುದು. ಆದುದರಿಂದ ಮೂರು ವರ್ಷಗಳ ತರುವಾಯ ಇಪ್ಪತ್ತು ಆಡುಗಳನ್ನು ಸಾಕಬೇಕೆಂದಿರುವವನು ಈ ಜ್ಯೇಷ್ಠ ಮಾಸದಲ್ಲಿ ಗೂಟಗಳನ್ನು ಊರಿ, ಅಲ್ಲಿಯವರೆಗೆ ನಾಲ್ಕು ಆಡುಗಳನ್ನು ಮಾತ್ರ ಕಟ್ಟಿಕೊಂಡು, ಇಟ್ಟಿಗೆಯ ಲಾರಿಯನ್ನು ಇನ್ನೆರಡು ಸುಗ್ಗಿ ಕಳೆದ ಮೇಲೆ ಕರೆಸಲಿ.